ತಾಯಲೂರು ಬಸ್ಸಿನ ಮುಂದಿನ ಸೀಟು

ಮುಳಬಾಗಿಲು
3ನೇ ಮೇ 1943

ಚಿರಂಜೀವಿ ಚನ್ನರಾಯಪ್ಪನಿಗೆ, ನಿನ್ನ ಹಳೆಯ ಮೇಷ್ಟ್ರು ಕೋದಂಡರಾಮಪ್ಪನ ಆಶೀರ್ವಾದ.

ಮೊನ್ನೆ ನಿನ್ನ ತಾಯಲೂರು ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಜೀವಸಹಿತ ಹಿಂದಿರುಗಿದ್ದೇನೆ. ಮೊದಲು ಈ ಒಳ್ಳೆಯ ಸುದ್ದಿ. ಉಳಿದದ್ದೆಲ್ಲ ದೂರು.

ಯುದ್ಧದಿಂದಾಗಿ ಪೆಟ್ರೋಲ್ ಸಿಕ್ಕುವುದಿಲ್ಲ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದೀಯೆ. ದಿಬ್ಬ ಬಂದರೆ ನಾವೆಲ್ಲ ಇಳಿದು ತಳ್ಳುತ್ತೇವೆ. ಅದಕ್ಕೆ ನನ್ನ ತಕರಾರಿಲ್ಲ. ಜರ್ಮನಿಯವರ ತಪ್ಪನ್ನು ನನ್ನ ಶಿಷ್ಯನ ಮೇಲೆ ಹೊರಿಸುವಷ್ಟು ಅವಿವೇಕ ನನಗಿನ್ನೂ ಬಂದಿಲ್ಲ. ನನ್ನ ತಕರಾರು ನಿನ್ನ ಡ್ರೈವರು ಕದಿರಪ್ಪನ ಪಕ್ಕದ ಸೀಟಿನದು.

ಆ ಸೀಟಿನಲ್ಲಿ ದಿನವೂ ದೊಡ್ಡವೆಂಕಟಮ್ಮನೆಂಬ ಮುದುಕಿ ಕೂರುತ್ತಾಳೆ. ತಾಯಲೂರಿನವಳು, ಕೋಲಾರದ ಸಂತೆಬೀದಿಯಲ್ಲಿ ವೀಳ್ಯದೆಲೆ ಮಾರುವವಳು. ಟಿಕೆಟ್ ಇಲ್ಲ. ಅವಳ ಎಲೆಬುಟ್ಟಿಗೂ ಇಲ್ಲ. ಹತ್ತಿದ ಗಳಿಗೆಯಿಂದ ಇಳಿಯುವವರೆಗೆ ಅವಳ ಬಾಯಿ ನಿಲ್ಲುವುದಿಲ್ಲ. ‘ಏಮ್ರಾ ಕದಿರಿಗಾ, ನೀ ಪೆಂಡ್ಲಾಮು ನೀಕು ಕೂಡು ಪೆಟ್ಟಲೇದಾ,’ ಎಂದು ಶುರು. ಹೆಂಡತಿ ಊಟ ಹಾಕಲಿಲ್ಲವೇ ಎಂದು ಒಬ್ಬ ಡ್ರೈವರನ್ನು ಇಪ್ಪತ್ತು ಜನರ ಮುಂದೆ ಕೇಳುವ ಮಾತೇ ಇದು? ಅವನೂ ಬಿಡುವುದಿಲ್ಲ: ‘ನಿನ್ ಬಾಯಿಗೆ ಹೆದರ್ಕೊಂಡು ನಿನ್ ಮೊಮ್ಮಗನಿಗೆ ಯಾರೂ ಹೆಣ್ ಕೊಡ್ತಿಲ್ಲ ಕಣಜ್ಜಿ.’ ಅವಳು ಅವನ ತೊಡೆಯನ್ನು ಜಿಗುಟುತ್ತಾಳೆ. ಹಸಿಮೆಣಸಿನಕಾಯಿ ಬಾಯಿಗಿಡುತ್ತಾಳೆ. ಒಮ್ಮೆ ಕಿವಿ ಹಿಂಡಿದ್ದನ್ನೂ ನೋಡಿದೆ. ಬಸ್ಸು ಓಡುತ್ತಿರುವಾಗ!

1934ರಲ್ಲಿ ನರಸಿಂಹತೀರ್ಥದ ತಿರುವಿನಲ್ಲಿ ಒಂದು ಬಸ್ಸು ಉರುಳಿ ಇಬ್ಬರು ಸತ್ತದ್ದು ನಿನಗೆ ನೆನಪಿರಲಾರದು. ಡ್ರೈವರು ಪಕ್ಕದವನೊಡನೆ ಹರಟುತ್ತಿದ್ದನೆಂದು ಸಾಕ್ಷಿ ಬಂತು. ಡ್ರೈವರು ಜೈಲಿಗೆ ಹೋದ, ಮಾಲೀಕ ಹೊಸ ಬಸ್ಸು ತಂದ, ಊರು ಮರೆಯಿತು. ನಾನು ಮರೆತಿಲ್ಲ.

ಬೆಂಗಳೂರಿನ ಬಸ್ಸುಗಳಲ್ಲಿ ಡ್ರೈವರೊಡನೆ ಮಾತನಾಡಕೂಡದೆಂದು ಹಲಗೆ ಹಾಕಿರುತ್ತಾರೆ. ನಮ್ಮ ಪ್ರಾಣಗಳೇನು ಅವರದಕ್ಕಿಂತ ಅಗ್ಗವೇ? ಹಲಗೆ ಹಾಕಿಸು. ಮುದುಕಿಯನ್ನು ಎಬ್ಬಿಸು.

ಕೋದಂಡರಾಮಪ್ಪ


ಕೋಲಾರ
8ನೇ ಮೇ 1943

ಪೂಜ್ಯ ಮೇಷ್ಟ್ರ ಪಾದಗಳಿಗೆ ಚನ್ನರಾಯಪ್ಪನ ನಮಸ್ಕಾರಗಳು.

ತಾವು ಕ್ಲಾಸಿನಲ್ಲಿ ಬೆತ್ತ ಹಿಡಿದು ನಿಂತಂತೆಯೇ ಆಯಿತು ಕಾಗದ ಓದುವಾಗ. ತಮ್ಮ ಅಪ್ಪಣೆಯಂತೆ ಹಲಗೆ ಬರೆಸಿದ್ದೇನೆ. ‘ಬಸ್ಸು ಓಡುವಾಗ ಡ್ರೈವರ ಸಂಗಡ ಯಾರೂ ಮಾತನಾಡಕೂಡದು.’ ಹಳದಿಯ ಮೇಲೆ ಕಪ್ಪು ಅಕ್ಷರ, ಕಟ್ಟಕಡೆಯ ಸೀಟಿಗೂ ಕಾಣುತ್ತದೆ. ದೊಡ್ಡವೆಂಕಟಮ್ಮ ಇನ್ನು ಮುಂದೆ ಟಿಕೆಟ್ ಕೊಂಡು ಹಿಂದೆ ಕೂರುತ್ತಾಳೆ.

ಕದಿರಪ್ಪನಿಗೆ ಇದು ಅಷ್ಟು ಹಿಡಿಸಿದಂತಿಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ.

ವ್ಯಾಪಾರದ ಸುದ್ದಿ ಕೇಳಿದರೆ, ಮಾವು ಈ ಸಲ ಜೋರು. ಗೌನಿಪಲ್ಲಿಯ ತೋಪುಗಳ ಕಾಯಿಯನ್ನು ನನ್ನ ಲಾರಿಯೇ ರಾತ್ರಿ ಹೊತ್ತು ಮಾಲೂರು ಸ್ಟೇಷನ್ನಿಗೆ ಹಾಕುತ್ತಿದೆ. ಅಲ್ಲಿಂದ ಮದ್ರಾಸಿಗೆ ರೈಲು. ಸೀಸನ್ ಮುಗಿದ ಮೇಲೆ ಒಂದು ಬುಟ್ಟಿ ಬಾದಾಮಿ ಮಾವಿನೊಂದಿಗೆ ತಮ್ಮ ದರ್ಶನಕ್ಕೆ ಬರುತ್ತೇನೆ.

ತಮ್ಮ ವಿಧೇಯ
ಚನ್ನರಾಯಪ್ಪ


ಮುಳಬಾಗಿಲು
20ನೇ ಮೇ 1943

ಚಿ. ಚನ್ನರಾಯಪ್ಪನಿಗೆ,

ಹಲಗೆ ನೋಡಿದೆ. ‘ಸಂಗಡ’ದ ಬದಲು ‘ಜೊತೆ’ ಎಂದರೂ ನಡೆಯುತ್ತಿತ್ತು, ಇರಲಿ. ಬಸ್ಸು ಈಗ ಪರೀಕ್ಷಾಮಂದಿರದಂತಿದೆ. ಮೊನ್ನೆ ಯಾರೋ ಡ್ರೈವರನ್ನು ಬೆಂಕಿಪೊಟ್ಟಣ ಕೇಳಿದಾಗ ನಾನು ಹಲಗೆಯತ್ತ ಕೈ ತೋರಿಸಿದೆ, ಅವನು ತೆಪ್ಪಗಾದ. ಹಿಂದಿನ ಸೀಟಿನಿಂದ ಮುದುಕಿ ನನ್ನನ್ನು ಕುರಿತು ಏನೋ ಅಂದಳು. ನನಗೆ ತೆಲುಗು ಬರುತ್ತದೆಂದು ಅವಳಿಗೆ ಗೊತ್ತಿಲ್ಲ. ನಾನೂ ಗೊತ್ತುಮಾಡಿಕೊಡಲಿಲ್ಲ. ಈ ವಿಷಯದಲ್ಲಿ ಡೆಪ್ಯುಟಿ ಕಮೀಷನರಿಗೂ ಒಂದು ಅರ್ಜಿ ಬರೆದಿದ್ದೇನೆ, ಎಲ್ಲ ಬಸ್ಸುಗಳಿಗೂ ಹಲಗೆ ಕಡ್ಡಾಯವಾಗಲೆಂದು. ನಿನ್ನ ಬಸ್ಸನ್ನೇ ಉದಾಹರಣೆಯಾಗಿ ಕೊಟ್ಟಿದ್ದೇನೆ.

ಒಂದೇ ಸಂಶಯ. ಕದಿರಪ್ಪನ ಕಣ್ಣು ಬೆಳಿಗ್ಗೆಯೇ ಕೆಂಪಗಿರುತ್ತದೆ. ಕೇಳಿದರೆ ಉತ್ತರ ತಡವಾಗಿ ಬರುತ್ತದೆ. ಕುಡಿಯುತ್ತಾನೆಯೇ? ಹಾಗಿದ್ದರೆ ಅವನನ್ನು ತೆಗೆದು, ಮಾವಿನ ಲಾರಿ ಓಡಿಸುವವನನ್ನು ನಮ್ಮ ಬಸ್ಸಿಗೆ ಹಾಕು. ಒಂದು ರಾತ್ರಿಯೂ ತಪ್ಪದೆ ರೈಲಿಗೆ ಮಾಲು ಮುಟ್ಟಿಸುವವನು ಜವಾಬ್ದಾರಿಯ ಮನುಷ್ಯನೇ ಇರಬೇಕು.

ಕೋದಂಡರಾಮಪ್ಪ


ಕೋಲಾರ
25ನೇ ಮೇ 1943

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಕದಿರಪ್ಪ ಹೆಂಡ ಮುಟ್ಟುವವನಲ್ಲ, ಈ ಮಾತು ನಾನು ಖಂಡಿತವಾಗಿ ಹೇಳಬಲ್ಲೆ. ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಇದ್ದಿಲಿಗೆ ಬೆಂಕಿ ಹಾಕಿ ಗಾಳಿಚಕ್ರ ತಿರುಗಿಸಿ ಗ್ಯಾಸು ಏಳಿಸಬೇಕು. ಆ ಹೊಗೆಗೆ ಕಣ್ಣು ಕೆಂಪಾಗುತ್ತದೆ.

ಲಾರಿಯವನನ್ನು ಈಗ ಲಾರಿಯಿಂದ ಬಿಡಿಸುವುದು ಕಷ್ಟ. ಸೀಸನ್ ಮುಗಿಯಲಿ. ಡೆಪ್ಯುಟಿ ಕಮೀಷನರಿಗೆ ಬರೆಯುವ ಮುಂಚೆ ನನಗೊಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು. ಬಸ್ಸಿನ ಪರ್ಮಿಟ್ ಜೂನ್ ಕೊನೆಗೆ ಮತ್ತೆ ಮಂಜೂರಾಗಬೇಕಾಗಿದೆ.

ಚನ್ನರಾಯಪ್ಪ


ಕೋಲಾರ
12ನೇ ಜೂನ್ 1943

ಪೂಜ್ಯರಿಗೆ,

ತಮ್ಮ ಮಾತು ನಿಜವಾಯಿತು. ನಿನ್ನೆ ಬೆಳಿಗ್ಗೆ ಮುಳಬಾಗಿಲಿನಿಂದ ಕೋಲಾರಕ್ಕೆ ಬರುವಾಗ ಬಸ್ಸು ನೇರ ರಸ್ತೆಯಲ್ಲಿ, ತಿರುವಿಲ್ಲ ದಿಬ್ಬವಿಲ್ಲ, ಬಲಕ್ಕೆ ಹೋಗಿ ಎದುರಿನ ಎತ್ತಿನ ಗಾಡಿಗೆ ಹೊಡೆದು ಹುಣಸೆಮರಕ್ಕೆ ಗುದ್ದಿ ನಿಂತಿತು. ಗಾಡಿಯವನ ಕಾಲು ತೊಡೆಯ ಹತ್ತಿರ ಮುರಿದಿದೆ, ಒಂದು ಎತ್ತು ಸತ್ತಿದೆ. ಬಸ್ಸಿನಲ್ಲಿದ್ದವರಲ್ಲಿ ಕೆಲವರಿಗೆ ಗಾಯ. ಕದಿರಪ್ಪನ ಪಕ್ಕೆಲುಬಿಗೆ ಪೆಟ್ಟಾಗಿದೆ. ಪೊಲೀಸರು ಅವನ ಲೈಸೆನ್ಸ್ ಕಿತ್ತುಕೊಂಡು ಕೇಸು ಹಾಕಿದ್ದಾರೆ. ಲಾಯರು ಹೇಳುವ ಪ್ರಕಾರ ಅವನಿಗೆ ಜೈಲಾಗುತ್ತದೆ.

ತಮ್ಮಿಂದ ಒಂದು ಉಪಕಾರವಾಗಬೇಕು. ಈ ಡ್ರೈವರು ಮೊದಲಿನಿಂದಲೂ ಬೇಜವಾಬ್ದಾರಿಯವನು, ಮಾಲೀಕನು ಹಲಗೆ ಹಾಕಿಸಿ ಎಚ್ಚರಿಕೆ ಕೊಟ್ಟಿದ್ದನು ಎಂದು ತಾವು ಕೋರ್ಟಿನಲ್ಲಿ ಹೇಳಬೇಕು. ತಮ್ಮ ಕಾಗದಗಳನ್ನು ಲಾಯರಿಗೆ ತೋರಿಸಿದ್ದೇನೆ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ ಅಂದರು. ಇಲ್ಲದಿದ್ದರೆ ತಪ್ಪು ನನ್ನ ತಲೆಗೆ ಬಂದು ಪರ್ಮಿಟ್ ಹೋಗುತ್ತದೆ.

ಚನ್ನರಾಯಪ್ಪ


ಮುಳಬಾಗಿಲು
15ನೇ ಜೂನ್ 1943

ಚಿ. ಚನ್ನರಾಯಪ್ಪನಿಗೆ,

ಬರುತ್ತೇನೆ. ಕಂಡದ್ದನ್ನು ಹೇಳಲು ನಾನು ಯಾವತ್ತೂ ಹಿಂಜರಿದವನಲ್ಲ.

ನಮ್ಮ ಜನಕ್ಕೆ ಮೋಟಾರು ಎಂದರೆ ಇನ್ನೂ ಎತ್ತಿನ ಗಾಡಿಯೇ. ಗಾಡಿಯವನು ನಿದ್ದೆ ಹೋದರೂ ಎತ್ತುಗಳು ಮನೆಯ ದಾರಿ ಹಿಡಿಯುತ್ತವೆ. ಇಂಜಿನ್ನಿಗೆ ಮನೆ ಗೊತ್ತೇ? ಇದನ್ನು ಅರಿಯದವನು ಚಕ್ರ ಹಿಡಿಯಕೂಡದು. ಜೈಲಾದರೆ ಆಗಲಿ. ಕಾಲು ಮುರಿದ ಗಾಡಿಯವನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ.

ಸಾಕ್ಷಿ ಹೇಳುವುದಾದರೆ ಅರೆಬರೆ ಹೇಳಬಾರದು. ಆ ದಿನ ಬಸ್ಸಿನಲ್ಲಿದ್ದವರನ್ನು ವಿಚಾರಿಸಿಕೊಂಡೇ ಬರುತ್ತೇನೆ. ಹಲಗೆಯನ್ನು ಮೀರಿ ಯಾರು ಅವನನ್ನು ಮಾತಿಗೆಳೆದರೋ ತಿಳಿಯಬೇಕು. ಆ ಮುದುಕಿಯ ಮೇಲೆಯೇ ನನಗೆ ಅನುಮಾನ.

ಕೋದಂಡರಾಮಪ್ಪ


ಮುಳಬಾಗಿಲು
2ನೇ ಜುಲೈ 1943

ಚನ್ನರಾಯಪ್ಪನಿಗೆ,

ಇಷ್ಟು ದಿನ ಬರೆಯದಿರಲು ಕಾರಣವಿದೆ.

ತಾಯಲೂರಿಗೆ ಹೋಗಿದ್ದೆ. ದೊಡ್ಡವೆಂಕಟಮ್ಮ ಹಣೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಎಲೆ ಆಯುತ್ತಿದ್ದಳು. ನಾನು ಯಾರೆಂದು ಹೇಳುವ ಮೊದಲೇ, ‘ಹಲಗೆ ಮೇಷ್ಟ್ರು ಬಂದ್ರಾ, ಕೂತ್ಕೊಳಿ,’ ಎಂದಳು.

‘ಆ ದಿನ ಡ್ರೈವರ ಹತ್ತಿರ ಮಾತಾಡಿದವರು ಯಾರಮ್ಮ?’ ಎಂದು ಕೇಳಿದೆ.

‘ಯಾರೂ ಇಲ್ಲ ಸಾಮಿ. ಮಾತಾಡಿದ್ರೆ ಯಾಕೆ ಹೋಗಿ ಗುದ್ತಿದ್ದ?’

ನನಗೆ ಅರ್ಥವಾಗಲಿಲ್ಲ. ಅವಳು ಎಲೆಯ ಕಟ್ಟು ಬದಿಗಿಟ್ಟಳು.

‘ಮಾವು ಇಳ್ಸೋಕೆ ಶುರುವಾದಾಗ್ಲಿಂದ ಅವನಿಗೆ ನಿದ್ದೆ ಇಲ್ಲ. ಬಸ್ಸು ಹತ್ತಿದ್ ಕೂಡ್ಲೆ ಕಣ್ಣು ಎಳೀತವೆ. ಅವನೇ ಹೇಳ್ದ, ಅಜ್ಜೀ, ನೀನು ಪಕ್ಕದಲ್ಲಿ ಕೂತು ಬೈತಾ ಇರು, ಟಿಕೆಟ್ ಬೇಡ ಅಂತ. ಬಿಟ್ಟಿ ಸೀಟು ಅಂದ್ರೆ ನಾನು ಬೈಯೋದಿಲ್ವಾ? ಅವರಮ್ಮನ್ನ ಬೈದೆ, ಅತ್ತೇನ ಬೈದೆ. ತಿರುಗಿ ಬೈದ್ರೆ ಎದ್ದಿದಾನೆ ಅಂತ ಲೆಕ್ಕ. ಬೈಲಿಲ್ಲ ಅಂದ್ರೆ ಜಿಗುಟೋದು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಮೆಣಸಿನಕಾಯಿ.’

‘ಇದನ್ನು ನನಗೆ ಆಗಲೇ ಹೇಳಬಾರದಿತ್ತೇ?’

‘ನೀವೆಲ್ಲಿ ಕೇಳಿದ್ರಿ? ಬಸ್ಸಿಂದ ಇಳ್ದು ಹೋಗಿ ಕಾಗದ ಬರೆದ್ರಿ.’

ಅವತ್ತು ಕೊನೆಯ ಸೀಟಿನಿಂದ ಅವನ ತಲೆ ವಾಲುವುದು ಅವಳಿಗೆ ಕಾಣಿಸಿತಂತೆ. ‘ಏಯ್ ಕದಿರಿಗಾ’ ಎಂದು ಕೂಗಿದಳಂತೆ. ಪಕ್ಕದಲ್ಲಿದ್ದವರು ಅವಳ ಕೈ ಹಿಡಿದು ಕೂರಿಸಿದರು. ‘ಮಾತಾಡ್ಬಾರ್ದು ಅಂತ ಬರ್ದೈತಲ್ಲ, ಸುಮ್ನಿರಮ್ಮಾ, ಕೋಲಾರಕ್ಕೋಗಿ ಕಿರುಚ್ಕೊ,’ ಎಂದರಂತೆ. ಅಷ್ಟರಲ್ಲಿ ಬಸ್ಸು ಗಾಡಿಗೆ ತಗುಲಿತು.

ಆ ದಿನ ಬಸ್ಸಿನಲ್ಲಿದ್ದ ಇನ್ನಿಬ್ಬರನ್ನು ವಿಚಾರಿಸಿದೆ. ಅವಳ ಕೈ ಹಿಡಿದು ಕೂರಿಸಿದವನೇ ಒಬ್ಬ. ಹೌದು ಎಂದು ಒಪ್ಪಿಕೊಂಡ.

ಈಗ ನೀನು ನನಗೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಗೌನಿಪಲ್ಲಿಯಿಂದ ಮಾಲೂರಿಗೆ ಮಾವಿನ ಲಾರಿ ಓಡಿಸುವ ಆ ಜವಾಬ್ದಾರಿಯ ಮನುಷ್ಯನ ಹೆಸರೇನು?

ಕೋದಂಡರಾಮಪ್ಪ


ಕೋಲಾರ
6ನೇ ಜುಲೈ 1943

ಪೂಜ್ಯ ಮೇಷ್ಟ್ರಿಗೆ,

ಹೆಸರು ತಮಗೆ ಆಗಲೇ ಗೊತ್ತಾಗಿದೆ. ಗೊತ್ತಿದ್ದೂ ಪ್ರಶ್ನೆ ಕೇಳಿ ಎಬ್ಬಿಸಿ ನಿಲ್ಲಿಸುವುದು ತಮ್ಮ ಹಳೆಯ ಪದ್ಧತಿ.

ನನ್ನ ಕಡೆಯನ್ನೂ ಕೇಳಬೇಕು. ನನ್ನಲ್ಲಿ ಮೂರು ಜನ ಡ್ರೈವರುಗಳಿದ್ದರು. ಇಬ್ಬರು ಮಿಲಿಟರಿ ಲಾರಿಗೆ ಸೇರಿದರು, ಅಲ್ಲಿ ಬೂಟು, ಕಂಬಳಿ, ಮಾಂಸದ ಊಟ. ಕಡೆಗೆ ಉಳಿದವನು ಕದಿರಪ್ಪ. ಒಂದು ಬಸ್ಸನ್ನು ಶೆಡ್ಡಿಗೆ ಹಾಕಿದೆ. ಉಳಿದ ಬಸ್ಸನ್ನೂ ನಿಲ್ಲಿಸಿದರೆ ಪರ್ಮಿಟ್ ಹೋಗುತ್ತದೆ, ಮಾವು ನಿಲ್ಲಿಸಿದರೆ ತೋಪಿನವರು ಮುಂದಿನ ವರ್ಷ ನನ್ನ ಹೆಸರೆತ್ತುವುದಿಲ್ಲ. ಅವನನ್ನು ಕೇಳಿದೆ. ‘ಮಾಡ್ತೀನಿ ಅಣ್ಣಾ, ಎರಡು ತಿಂಗಳು ತಾನೆ,’ ಎಂದ. ಮಾಲೂರಿನಲ್ಲಿ ಮಾಲು ಇಳಿಸುವಾಗ ಲಾರಿಯಲ್ಲೇ ಸ್ವಲ್ಪ ಒರಗುತ್ತಿದ್ದ.

ಮುದುಕಿಯ ವಿಷಯ ಅವನು ಒಮ್ಮೆ ಹೇಳಿದ್ದು ನಿಜ. ಹಲಗೆ ಹಾಕುವಾಗ ಮತ್ತೆ ಹೇಳಿದ. ‘ಅಜ್ಜೀನ ಎಬ್ಬಿಸ್ಬೇಡಿ ಅಣ್ಣಾ,’ ಎಂದ. ತಮಗೆ ಅದನ್ನು ಬರೆಯುವುದು ಹೇಗೆ? ನನ್ನ ಡ್ರೈವರು ನಿದ್ದೆಗಣ್ಣಿನಲ್ಲಿ ಬಸ್ಸು ಓಡಿಸುತ್ತಾನೆ, ಮುದುಕಿಯ ಬೈಗುಳದ ಮೇಲೆ ಬಸ್ಸು ನಡೆಯುತ್ತಿದೆ ಎಂದು ಬರೆದರೆ ತಾವು ಡೆಪ್ಯುಟಿ ಕಮೀಷನರಿಗೆ ಅದನ್ನೂ ಬರೆಯುತ್ತಿದ್ದಿರಿ.

ಕೇಸು ಇಪ್ಪತ್ತೊಂದನೆಯ ತಾರೀಖು. ತಾವು ಮೊದಲು ಒಪ್ಪಿದಂತೆಯೇ ಹೇಳಿದರೆ ಸಾಕು. ಅವನು ಜೈಲಿಗೆ ಹೋದರೆ ಸಂಸಾರವನ್ನು ನಾನು ನೋಡಿಕೊಳ್ಳುತ್ತೇನೆ. ತಮ್ಮ ಕಾಗದಗಳು ಹೇಗೂ ಲಾಯರ ಬಳಿ ಇವೆ. ತಾವೇ ಬರೆದದ್ದನ್ನು ತಾವೇ ಅಲ್ಲ ಎನ್ನುವುದು ತಮ್ಮ ವಯಸ್ಸಿಗೆ ಗೌರವವಲ್ಲ.

ಚನ್ನರಾಯಪ್ಪ


ಮುಳಬಾಗಿಲು
9ನೇ ಜುಲೈ 1943

ಮಾನ್ಯ ಚನ್ನರಾಯಪ್ಪನವರಿಗೆ,

ತಮ್ಮ ಕಾಗದ ತಲುಪಿತು.

ನಾನು ಬರೆದದ್ದನ್ನು ಅಲ್ಲವೆನ್ನುವುದಿಲ್ಲ. ಹಲಗೆ ಹಾಕಿಸಿದವನು ನಾನು, ಮುದುಕಿಯನ್ನು ಎಬ್ಬಿಸಿದವನು ನಾನು ಎಂದು ಕೋರ್ಟಿನಲ್ಲಿ ಮೊದಲು ಅದನ್ನೇ ಹೇಳುತ್ತೇನೆ. ತಮ್ಮ ಲಾಯರಿಗೆ ಓದುವ ಶ್ರಮ ಉಳಿಯುತ್ತದೆ. ಆಮೇಲೆ ತಮ್ಮ ಮೇ ತಿಂಗಳ ಎರಡು ಕಾಗದಗಳನ್ನೂ ಈ ತಿಂಗಳ ಆರನೆಯ ತಾರೀಖಿನದನ್ನೂ ಮ್ಯಾಜಿಸ್ಟ್ರೇಟರ ಮುಂದಿಡುತ್ತೇನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಕಾಗದ ಎಸೆಯುವ ಅಭ್ಯಾಸವಿಲ್ಲ.

ಒಂದು ವಿಷಯದಲ್ಲಿ ತಪ್ಪು ತಿಳಿಯಬೇಡಿ. ಮುದುಕಿ ಪಕ್ಕದಲ್ಲಿದ್ದಿದ್ದರೆ ಎಲ್ಲವೂ ಸರಿಯಿತ್ತೆಂದು ನಾನು ಹೇಳಲು ಹೋಗುತ್ತಿಲ್ಲ. ಅವಳಿಗೆ ಒಂದು ದಿನ ಜ್ವರ ಬಂದಿದ್ದರೂ ಇದೇ ಆಗುತ್ತಿತ್ತು. ಇಪ್ಪತ್ತು ಜನರ ಪ್ರಾಣವನ್ನು ಅವಳ ಬಾಯಿಗೆ ಕಟ್ಟಿ ತಾವು ಮಾವನ್ನು ಮದ್ರಾಸಿಗೆ ಸೇರಿಸುತ್ತಿದ್ದಿರಿ. ರಾತ್ರಿಯಿಡೀ ದುಡಿಸಿದವನನ್ನು ಬೆಳಿಗ್ಗೆ ಮತ್ತೆ ಚಕ್ರದ ಮುಂದೆ ಕೂರಿಸಿದ್ದು ಕದಿರಪ್ಪನಲ್ಲ. ‘ಮಾಡ್ತೀನಿ’ ಎಂದನೆಂದು ಬರೆದಿದ್ದೀರಿ. ಒಲ್ಲೆ ಎಂದಿದ್ದರೆ ಅವನನ್ನು ಇಟ್ಟುಕೊಳ್ಳುತ್ತಿದ್ದಿರೇ?

1934ರ ಆ ಡ್ರೈವರು ಹರಟುತ್ತಿದ್ದನೆಂದು ಸಾಕ್ಷಿ ಹೇಳಿದವರೂ ಬಹುಶಃ ನನ್ನಂಥವರೇ. ಅವನು ಹಿಂದಿನ ರಾತ್ರಿ ಎಲ್ಲಿದ್ದನೆಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೋರ್ಟಿನಲ್ಲಿ ಭೇಟಿಯಾಗೋಣ.

ಕೋದಂಡರಾಮಪ್ಪ


ಕೋಲಾರ
24ನೇ ಜುಲೈ 1943

ಪೂಜ್ಯ ಮೇಷ್ಟ್ರ ಪಾದಗಳಿಗೆ,

ಆದದ್ದಾಯಿತು. ತುಂಬಿದ ಕೋರ್ಟಿನಲ್ಲಿ ನನ್ನ ಕಾಗದಗಳನ್ನು ತಾವು ಒಂದೊಂದು ವಾಕ್ಯ ನಿಲ್ಲಿಸಿ ನಿಲ್ಲಿಸಿ ಓದಿದ್ದನ್ನು ನಾನು ಬೇಗ ಮರೆಯಲಾರೆ. ತಮಗೂ ಅದು ಸುಲಭವಾಗಿರಲಿಲ್ಲವೆಂದು ನಿಂತ ರೀತಿಯಿಂದಲೇ ಕಂಡಿತು.

ಕದಿರಪ್ಪನಿಗೆ ಜೈಲಿಲ್ಲದೆ ದಂಡದಲ್ಲಿ ಮುಗಿಯಿತಲ್ಲ, ನನಗೂ ಸಮಾಧಾನವೇ. ಲೈಸೆನ್ಸ್ ಹಿಂದಕ್ಕೆ ಕೊಟ್ಟಿದ್ದಾರೆ. ನನ್ನ ಪರ್ಮಿಟ್ಟನ್ನು ಮೂರು ತಿಂಗಳಿಗೆ ಮಾತ್ರ ಕೊಟ್ಟು, ವಿಚಾರಣೆಗೆ ಬಾ ಎಂದಿದ್ದಾರೆ.

ಈಗ ಸಂದರ್ಭ ಹೀಗಿದೆ. ಕದಿರಪ್ಪನ ಜಾಗಕ್ಕೆ ಹೊಸದಾಗಿ ಬಂದಿದ್ದ ಡ್ರೈವರು ಮುಂಗಡ ತೆಗೆದುಕೊಂಡು ಸೈನ್ಯಕ್ಕೆ ಸೇರಿದ. ರಿಪೇರಿಯಾದ ಬಸ್ಸು ಶೆಡ್ಡಿನಲ್ಲಿದೆ. ಗೌನಿಪಲ್ಲಿಯಲ್ಲಿ ನೀಲಂ ಕಾಯಿ ಮರದಲ್ಲೇ ಹಣ್ಣಾಗುತ್ತಿದೆ. ಇನ್ನು ಎರಡು ವಾರದ ಕೆಲಸ, ಅಷ್ಟೇ. ನನ್ನ ಗುಮಾಸ್ತ ಕದಿರಪ್ಪನ ಊರು ಕ್ಯಾಲನೂರಿಗೆ ಹೋಗಿ ಅವನನ್ನು ಕರೆದ. ‘ಮೇಷ್ಟ್ರು ಬಾ ಅಂದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ,’ ಎಂದನಂತೆ. ಪಕ್ಕೆಯ ನೋವು ಹೋಗಿದೆಯಂತೆ.

ತಾವು ಹೇಳಿದ್ದನ್ನು ನಾನು ಅಲಕ್ಷ್ಯ ಮಾಡಿಲ್ಲ. ಹಲಗೆ ತೆಗೆಸಿದ್ದೇನೆ. ದೊಡ್ಡವೆಂಕಟಮ್ಮನಿಗೆ ಮುಂದಿನ ಸೀಟು, ಕಾಯಂ ಆಗಿ, ಟಿಕೆಟ್ ಇಲ್ಲದೆ. ಗುಮಾಸ್ತನ ಕೈಲಿ ಬರೆಸಿಯೂ ಕೊಡುತ್ತೇನೆ. ರಾತ್ರಿ ಲಾರಿಗೂ ಅಂಥವರು ಯಾರಾದರೂ ಸಿಕ್ಕಿದರೆ ಕೂರಿಸೋಣ.

ತಾವು ಒಂದು ಮಾತು ಹೇಳಿದರೆ ಅವನು ನಾಳೆಯೇ ಬರುತ್ತಾನೆ.

ತಮ್ಮ ವಿಧೇಯ
ಚನ್ನರಾಯಪ್ಪ


ಮುಳಬಾಗಿಲು
27ನೇ ಜುಲೈ 1943

ಚನ್ನರಾಯಪ್ಪನಿಗೆ,

ಮತ್ತೆ ‘ನೀನು’ ಎಂದೇ ಬರೆಯುತ್ತೇನೆ. ಬಯ್ಯಲು ಅದೇ ಅನುಕೂಲ.

ನಾನು ಇಷ್ಟೆಲ್ಲ ಬರೆದು, ಕೋರ್ಟಿನಲ್ಲಿ ನಿಂತು ಹೇಳಿದ ಮೇಲೆ ನೀನು ಕಲಿತ ಪಾಠ ಬೈಯುವವರನ್ನು ಹುಡುಕಿ ಕೂರಿಸುವುದೇ? ಕ್ಲಾಸಿನಲ್ಲೂ ಹೀಗೆಯೇ, ಉತ್ತರದ ಕೊನೆಯ ಸಾಲು ಮಾತ್ರ ನೆನಪಿಟ್ಟುಕೊಂಡು ಬರುತ್ತಿದ್ದೆ. ರಾತ್ರಿ ಲಾರಿ ಓಡಿಸಿದವನು ಹಗಲು ಮಲಗಬೇಕು. ಬೆಳಿಗ್ಗೆ ಬಸ್ಸು ಓಡಿಸುವವನು ರಾತ್ರಿ ಮಲಗಬೇಕು. ಇಬ್ಬರು ಸಿಗುವವರೆಗೆ ಎರಡರಲ್ಲಿ ಒಂದನ್ನು ನಿಲ್ಲಿಸು. ಯಾವುದನ್ನು ನಿಲ್ಲಿಸಬೇಕೆಂದು ನನ್ನನ್ನು ಕೇಳಬೇಡ. ಪರ್ಮಿಟ್ ವಿಚಾರಣೆಯಲ್ಲಿ ಅವರೇ ಕೇಳುತ್ತಾರೆ. ನಾನೂ ಅಲ್ಲಿಗೆ ಬರುತ್ತೇನೆ.

ಈ ಮಾತಿಗೆ ನೀನು ಒಪ್ಪಿ ಸಹಿ ಹಾಕಿದ ಕಾಗದ ನನ್ನ ಕೈ ಸೇರಿದ ಮೇಲೆ ಕದಿರಪ್ಪನಿಗೆ ಬಾ ಎನ್ನುತ್ತೇನೆ. ಅದಕ್ಕೆ ಮೊದಲು ಅನ್ನುವುದಿಲ್ಲ. ಅವನು ನನ್ನ ಮಾತಿಗೆ ಕಾಯುತ್ತಿರುವುದು ನನ್ನ ಮೇಲಿನ ಗೌರವಕ್ಕೆಂದು ನೀನು ತಿಳಿದಿದ್ದೀಯೆ. ನನಗೆ ಹಾಗನ್ನಿಸುವುದಿಲ್ಲ. ಒಲ್ಲೆ ಎನ್ನಲು ಅವನಿಗೆ ಬರುವುದಿಲ್ಲ. ಆ ಮಾತನ್ನು ಅವನ ಬದಲು ಹೇಳಲು ನನ್ನನ್ನು ಹುಡುಕಿಕೊಂಡಿದ್ದಾನೆ.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಬೇಕೆಂದು ನಿನ್ನೆ ಕ್ಯಾಲನೂರಿಗೆ ಹೋದೆ. ಅವನಿಗೆ ಸಂಬಂಧಿಸಿದ್ದನ್ನು ಅವನಿಂದ ಮುಚ್ಚಿಡುವುದು ಸರಿಯಲ್ಲ. ನಡು ಮಧ್ಯಾಹ್ನ. ಜಗಲಿಯ ಮೇಲೆ ಚಾಪೆಯೂ ಇಲ್ಲದೆ, ತೋಳನ್ನು ತಲೆಗಿಟ್ಟು ಮಲಗಿದ್ದ. ಪಕ್ಕದಲ್ಲಿ ಕೋಳಿಗಳು ರಾಗಿ ಕೆದಕುತ್ತಿದ್ದವು. ಬೀದಿಯಲ್ಲಿ ಯಾರೋ ಎಮ್ಮೆಯನ್ನು ಗದರಿಸಿಕೊಂಡು ಹೋದರು. ಯಾವುದಕ್ಕೂ ಅವನು ಅಲ್ಲಾಡಲಿಲ್ಲ.

ಹೆಂಡತಿ ಬಚ್ಚಮ್ಮ ಹೊರಗೆ ಬಂದಳು. ‘ಕೇಸು ಮುಗಿಯೋವರ್ಗೂ ಜೈಲಿನ ಭಯಕ್ಕೆ ಕಣ್ ಮುಚ್ಚಿರ್ಲಿಲ್ಲ, ಕೋರ್ಟಿಂದ ಬಂದ್ ಮಲಗಿದ್ದು ಸಾಮಿ. ಎದ್ದು ಮುದ್ದೆ ತಿಂತಾರೆ, ಮತ್ತೆ ಮಲಗ್ತಾರೆ. ನಮ್ಮತ್ತೆ ಗಾಳಿ ಸೋಕೈತೆ ಅಂತ ಯಂತ್ರ ಕಟ್ಸಿದಾರೆ. ಎಬ್ಬಿಸ್ಲಾ?’

‘ಬೇಡಮ್ಮ.’

‘ದೂರದಿಂದ ಬಂದಿದೀರಿ. ಏನಾದ್ರೂ ಹೇಳ್ಬೇಕಿತ್ತಾ?’

‘ಆಮೇಲೆ ಹೇಳಿದರಾಯಿತು,’ ಎಂದೆ.

ಅವಳು ಕೊಟ್ಟ ಮಜ್ಜಿಗೆ ಕುಡಿದೆ. ನಿನ್ನ ಕಾಗದ ಜೇಬಿನಲ್ಲೇ ಉಳಿಯಿತು. ನನ್ನದು ಹಳೆಯ ಚಪ್ಪಲಿ, ನಡೆದರೆ ಕಿರ್ರೆನ್ನುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಯ ತಿರುವಿನವರೆಗೆ ಬರಿಗಾಲಲ್ಲಿ ನಡೆದೆ.

ಕೋದಂಡರಾಮಪ್ಪ